ಹೋಂಸ್ಟೇ ಅತಿಥಿಗಳಿಂದ ಲಂಟಾನ ತೆಗೆಸಬಹುದೇ?

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ಕಡೆ ನಮ್ಮ ಹೋಂಸ್ಟೇ. ಬಂದವರ ಕೈಲಿ ಸಸಿ ನೆಡಿಸೋ ಬದಲು ಜಮೀನಿನ ಲಂಟಾನ ಅನ್ನೋ ಕಳೆಪೊದೆ ತೆಗೆಸೋಣ ಅಂತಿದ್ದೀವಿ. ಕಡಿದರೆ ಮತ್ತೆ ಚಿಗುರುತ್ತಲ್ಲ, ಏನು ಮಾಡೋದು?

ಉತ್ತರ 1: ನೆಲಮಟ್ಟಕ್ಕೆ ಕಡಿದರೆ ಇನ್ನಷ್ಟು ಒತ್ತಾಗಿ ಚಿಗುರುತ್ತೆ, ಸುಟ್ಟರೂ ಅಷ್ಟೇ. ಬುಡದ ಮಣ್ಣು ಬಿಡಿಸಿ, ಕಾಂಡ ಬೇರಿಗೆ ಸೇರುವ ಗಂಟಿನ ಕೆಳಗೆ, ಅಂದರೆ 3–5 ಸೆಂ.ಮೀ. ಆಳದಲ್ಲಿ, ತಾಯಿಬೇರನ್ನು ಪಿಕಾಸಿಯಿಂದ ಕತ್ತರಿಸಿ. ಆಮೇಲೆ ಪೊದೆ ಎತ್ತಿ ತಲೆಕೆಳಗಾಗಿ ಒಣಗಲು ಬಿಡಿ. ಬೇರು ಹಸಿಮಣ್ಣಿಗೆ ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತೆ. ಕಾಯಿ ಹಣ್ಣಾಗಿ ಕಪ್ಪಾಗುವ ಮೊದಲೇ ಮುಗಿಸಿ, ಇಲ್ಲದಿದ್ದರೆ ಹಕ್ಕಿಗಳು ಬೀಜ ಹರಡುತ್ತವೆ. ದಪ್ಪ ಕೈಗವಸು ಕೊಡಿ, ಮುಳ್ಳು ಗೀರುತ್ತೆ.

ಉತ್ತರ 2: ಫೋಟೋ ತೆಗೆದು ಹೊರಟರೆ ಅರ್ಧ ಕೆಲಸ. ಮಣ್ಣಲ್ಲಿರೋ ಬೀಜ ಮುಂಗಾರಿಗೆ ಮೊಳೆಯುತ್ತೆ; ಆಗ ನೆಲ ಹಸಿ, ಕೈಯಲ್ಲೇ ಕೀಳಬಹುದು. ಖಾಲಿ ಬಿಟ್ಟರೆ ಯುಪಟೋರಿಯಂ ಅನ್ನೋ ಇನ್ನೊಂದು ಕಳೆ ನುಗ್ಗುತ್ತೆ, ಊರಿನದೇ ಹುಲ್ಲಿನ ಬೀಜ ಚೆಲ್ಲಿ. ಗೂಡಿರೋ ಪೊದೆ ಸದ್ಯಕ್ಕೆ ಮುಟ್ಟಬೇಡಿ.

ಉತ್ತರ 3: ಬೇಲಿ ದಾಟಿ ಕಾಡಿಗೆ ಹೋಗಬೇಡಿ, ಅರಣ್ಯ ಇಲಾಖೆ ಅನುಮತಿ ಬೇಕು. ಕಿತ್ತ ಲಂಟಾನದ ಕಡ್ಡಿ ಎಸೆಯಬೇಡಿ ಸಾರ್. ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಬುಡಕಟ್ಟಿನವರು ಅದನ್ನ ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ ಕಟ್ಟುತ್ತಾರೆ. ಅವರನ್ನೇ ಕೂಲಿ ಕೊಟ್ಟು ಕರೆಸಿ, ಅತಿಥಿಗಳಿಗೂ ಕಲಿಸಲಿ.