ಪದಚರ್ಚೆ: ಗೇಣುದ್ದದ ಶಾರ್ಕಿಗೆ 'ಲಾಟೀನು' ಒಪ್ಪುತ್ತದೆಯೇ?

ಗೆಳೆಯರೇ,

ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಹೆಸರಿನ ಹತ್ತಿರವೇ ನಿಂತುಬಿಟ್ಟೆ. ಇಂಗ್ಲಿಷಿನವರು 'ಡ್ವಾರ್ಫ್ ಲ್ಯಾಂಟರ್ನ್ ಶಾರ್ಕ್' ಅನ್ನುವ ಮೀನು ಅದು. ಮೊದಲು 'ಕುಬ್ಜ ಲಾಟೀನು ಶಾರ್ಕ್' ಎಂದು ಬರೆದೆ. ಈಗ ಎರಡು ಪದವೂ ಸರಿ ಅನಿಸುತ್ತಿಲ್ಲ.

ಇದು ಕೆರಿಬಿಯನ್ ಕಡಲಿನ ಮೀನು. ಕೊಲಂಬಿಯಾ, ವೆನೆಜುವೆಲಾ ಕರಾವಳಿಯ ಆಚೆ, ಕಡಲತಳ ಇಳಿಜಾರಾಗುವ ಕಡೆ, 283ರಿಂದ 439 ಮೀಟರ್ ಆಳದಲ್ಲಿ ಸಿಕ್ಕಿದೆ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 1985ರಲ್ಲಿ. ಬೆಳೆದ ಮೀನೂ ಸುಮಾರು 20 ಸೆಂ.ಮೀ. ಅಷ್ಟೆ. ಹೆಬ್ಬೆರಳು, ಕಿರುಬೆರಳು ಅಗಲಿಸಿ ಮೇಜಿನ ಮೇಲೆ ಕೈ ಇಡಿ, ತಲೆಯಿಂದ ಬಾಲದವರೆಗೆ ಇಡೀ ಶಾರ್ಕ್ ಅದರೊಳಗೆ ಹಿಡಿಯುತ್ತದೆ! ನಮ್ಮಲ್ಲಿ 'ಗೇಣು' ಇರುವಾಗ 'ಕುಬ್ಜ' ಯಾಕೆ ಬೇಕು? ಮಕ್ಕಳಿಗೆ ಅಳತೆಯೂ ಕೈಯಲ್ಲೇ ಸಿಗುತ್ತದೆ.

ಜಾಸ್ತಿ ತೊಡಕಿರುವುದು ಲಾಟೀನಿನಲ್ಲಿ. ನಾವು ಲಾಟೀನು ಹಿಡಿಯುವುದು ದಾರಿ ಕಾಣಲಿ ಎಂದು, ಅಲ್ವಾ? ಈ ಬಳಗದ ಶಾರ್ಕ್‌ಗಳು ಬೆಳಗುವುದು ಮುಖ್ಯವಾಗಿ ತಾವು ಕಾಣದಿರಲಿ ಎಂದು. ಆ ಆಳಕ್ಕೆ ಮೇಲಿನಿಂದ ಮಬ್ಬು ಬೆಳಕು ಮಾತ್ರ ಇಳಿಯುತ್ತದೆ. ಕೆಳಗಿರುವ ಬೇಟೆಯಾಡುವ ಮೀನು ತಲೆಯೆತ್ತಿದರೆ, ಮೇಲೆ ಈಜುವ ಮೀನು ಕಪ್ಪು ನೆರಳಾಗಿ ಕಾಣಬೇಕು. ಇವುಗಳ ಹೊಟ್ಟೆಯಡಿ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳಿವೆ. ಅವು ಮೇಲಿನ ಬೆಳಕಿಗೆ ಸರಿಹೊಂದುವಷ್ಟೇ ಬೆಳಗಿ ಆ ನೆರಳನ್ನು ಅಳಿಸಿಬಿಡುತ್ತವೆ.

ಹಾಗಾಗಿ 'ಮಿಣುಕು' ಎಂದು ಯೋಚಿಸಿದೆ. ಆದರೆ ಮಿಣುಕುಹುಳ ಆರಿ ಹತ್ತುತ್ತದೆ, ಇದು ಒಂದೇ ಸಮನೆ ಬೆಳಗುತ್ತದೆ. ನಮ್ಮ ಮನೆಯಲ್ಲಿ 'ಮಿಣುಕು ದೀಪ' ಅಂದರೆ ಬತ್ತಿ ಇಳಿಸಿದ ಮಂದ ದೀಪವೇ. ನಿಮ್ಮ ಕಡೆ 'ಮಿಣುಕು' ಅಂದರೆ ಆರಿ ಹತ್ತಲೇಬೇಕೇ? ಮಂದವಾಗಿದ್ದರೆ ಸಾಕೇ?

ಇನ್ನು 'ಶಾರ್ಕ್'. ತುಳುವಿನಲ್ಲಿ 'ತಾಟೆ' ಇದೆ, ಕೊಂಕಣಿಯಲ್ಲಿ 'ಮೋರಿ'. ಬಯಲುಸೀಮೆಯ ಮಕ್ಕಳಿಗೆ ಮೋರಿ ಅಂದರೆ ಚರಂಡಿ, ಅದಾಗದು. 'ತಾಟೆ' ನನಗೆ ತುಂಬಾ ಹಿಡಿಸಿದೆ. ಆದರೆ ಊಟಕ್ಕೆ ಬರುವ ಮೀನಿನ ಹೆಸರನ್ನು, ನಮ್ಮ ಬಲೆಗೆ ಎಂದೂ ಬೀಳದ ದೂರದ ಮೀನಿಗೆ ಇಟ್ಟರೆ ಕರಾವಳಿಯವರ ಕಿವಿಗೆ ಹೇಗೆ ಕೇಳುತ್ತದೆ?

ಸದ್ಯಕ್ಕೆ 'ಗೇಣುದ್ದದ ಮಿಣುಕು ತಾಟೆ' ಎಂದು ಬರೆದಿಟ್ಟಿದ್ದೇನೆ. ಕುಂದಾಪುರ, ಕಾರವಾರ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ತಿಳಿಸಿದರೆ ದೊಡ್ಡ ಉಪಕಾರ.