ಕಾಟನ್ ಫಿಲ್ಟರ್ ತೊಳೆದು ಹಾಕಿದ ಮೇಲೆ ಚೆಕ್ ಎಂಜಿನ್ ಲೈಟ್, ಇಂಟೇಕ್ ಪೂರ್ತಿ ಬದಲಿಸಲೇ?

ಪ್ರಶ್ನೆ
ನಮಸ್ಕಾರ. ನನ್ನದು 1.6 ಲೀಟರ್ ಪೆಟ್ರೋಲ್ ಕಾರು, ಟರ್ಬೊ ಇಲ್ಲ. ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಪೇಪರ್ ಫಿಲ್ಟರ್ ತೆಗೆದು, ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಹಾಕಿದ್ದೆ. ಚೆನ್ನಾಗಿಯೇ ಇತ್ತು. ಹೋದ ತಿಂಗಳು ಅದನ್ನು ತೊಳೆದು, ಎಣ್ಣೆ ಹಚ್ಚಿ ಮತ್ತೆ ಹಾಕಿದೆ, ಅಲ್ಲಿಂದ ಶುರುವಾಯ್ತು ನೋಡಿ ಕಾಟ. ಐಡಲಿಂಗ್‌ನಲ್ಲಿ ಆರ್‌ಪಿಎಂ ಮುಳ್ಳು ಏರಿಳಿಯುತ್ತದೆ, ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತದೆ. ಸ್ಕ್ಯಾನರ್‌ನಲ್ಲಿ ಪಿ0171 ಕೋಡ್ ಇದೆ. ಫಿಲ್ಟರ್ ಬಾಕ್ಸ್ ಸಮೇತ ಕಿತ್ತು, ಕೋನ್ ಫಿಲ್ಟರ್ ಇರುವ ಶಾರ್ಟ್ ಇಂಟೇಕ್ (ಗಾಳಿ ಎಳೆಯುವ ಗಿಡ್ಡ ಪೈಪ್) ಹಾಕಿಸೋಣ ಅಂತಿದ್ದೇನೆ. ಯಾವುದು ತಗೊಳ್ಳಲಿ?

ಉತ್ತರ 1
ಸರ್, ಸದ್ಯಕ್ಕೆ ಏನೂ ತಗೋಬೇಡಿ. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ. ಎಣ್ಣೆ ಎಷ್ಟು ಹಚ್ಚಿದಿರಿ? ಅನುಮಾನ ಇರುವುದು ಅಲ್ಲೇ. ಫಿಲ್ಟರ್ ದಾಟಿದ ತಕ್ಷಣ ಪೈಪಿನಲ್ಲಿ ಎಂಎಎಫ್ ಸೆನ್ಸರ್ ಇರುತ್ತದೆ, ಅದರೊಳಗೆ ಕೂದಲಿನಷ್ಟು ಸಣ್ಣ ಬಿಸಿ ತಂತಿ. ಗಾಳಿ ಆ ತಂತಿಯನ್ನು ಎಷ್ಟು ತಣ್ಣಗೆ ಮಾಡುತ್ತದೆ ಅನ್ನುವುದರ ಮೇಲೆ ಒಳಗೆ ಬಂದ ಗಾಳಿಯ ಲೆಕ್ಕ. ಎಣ್ಣೆ ಹಾರಿ ಬಂದು ಅದರ ಮೇಲೆ ಕೂತು, ಎಣ್ಣೆಗೆ ಧೂಳು ಅಂಟಿಕೊಂಡರೆ, ಬಂದ ಗಾಳಿಗಿಂತ ಕಮ್ಮಿ ಲೆಕ್ಕ ಕೊಡುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಅದನ್ನೇ ನಂಬಿ ಪೆಟ್ರೋಲ್ ಕಮ್ಮಿ ಬಿಡುತ್ತದೆ.

ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಎಂಎಎಫ್ ಕ್ಲೀನರ್ ಅಂತಲೇ ಸಿಗುವ ಸ್ಪ್ರೇ ಹೊಡೆದು, ಪೂರ್ತಿ ಆರಿದ ಮೇಲೆ ಹಾಕಿ. ಬಟ್ಟೆ, ಬ್ರಷ್ ಬೇಡವೇ ಬೇಡ, ತಂತಿ ಕಿತ್ತುಹೋಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಕೂಡ ಬೇಡ.

ಉತ್ತರ 2
ಮೇಲೆ ಹೇಳಿದ್ದು ಸರಿ, ಆದರೆ ಪೈಪಿನ ಕ್ಲಾಂಪ್ ಕೂಡ ನೋಡಿ ಸರ್. ಫಿಲ್ಟರ್ ತೆಗೆದು ಹಾಕುವಾಗ ಸಡಿಲ ಬಿಟ್ಟಿದ್ದರೂ, ರಬ್ಬರ್ ಹೋಸ್ ಮಡಿಕೆಯಲ್ಲಿ ಸೀಳಿದ್ದರೂ, ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಇದೇ ಕೋಡ್ ಬರುತ್ತದೆ.

ಶಾರ್ಟ್ ಇಂಟೇಕ್ ವಿಷಯ: ಬಾನೆಟ್ ಒಳಗೆ ಕೋನ್ ಫಿಲ್ಟರ್ ಬಿಟ್ಟರೆ ಅದು ಎಳೆಯುವುದು ಎಂಜಿನ್ನಿನ ಬಿಸಿ ಗಾಳಿಯನ್ನೇ. ಬಿಸಿ ಗಾಳಿ ತೆಳು, ಪವರ್ ಕಮ್ಮಿ. ಸದ್ದು ಜೋರಾಗುತ್ತದೆ, ಅದನ್ನೇ ಪಿಕಪ್ ಅಂದುಕೊಳ್ಳುವವರು ಜಾಸ್ತಿ. ಪೈಪಿನ ಅಗಲ ಬದಲಾದರೆ ಸೆನ್ಸರ್ ಲೆಕ್ಕವೂ ತಪ್ಪುತ್ತದೆ, ಇಸಿಯು ಲೆಕ್ಕ ಹೊಂದಿಸಿ ಟ್ಯೂನ್ ಮಾಡಿಸಬೇಕು. ಬಂಪರ್ ಕೆಳಗೆ ಇಳಿಸುವ ಕೋಲ್ಡ್ ಏರ್ ಇಂಟೇಕ್ ತಣ್ಣನೆ ಗಾಳಿ ಕೊಡುತ್ತದೆ ನಿಜ, ಆದರೆ ನಿಂತ ನೀರಿಗೆ ಇಳಿದರೆ ನೀರನ್ನೂ ಎಳೆದು ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿಸಿಬಿಡುತ್ತದೆ. ದಿನಾ ಓಡಿಸುವ ಕಾರಿಗೆ ಕಂಪನಿ ಬಾಕ್ಸ್, ಅದರಲ್ಲಿ ಒಳ್ಳೆ ಪೇಪರ್ ಫಿಲ್ಟರ್, ನಾನಂತೂ ಇದನ್ನೇ ಹೇಳುವುದು. ಸಣ್ಣ ಧೂಳನ್ನು ತಡೆಯುವುದರಲ್ಲಿ ಸಾಮಾನ್ಯವಾಗಿ ಪೇಪರೇ ಮುಂದು.

ಪ್ರಶ್ನೆ ಕೇಳಿದವರು
ಕ್ಲಾಂಪ್ ಗಟ್ಟಿಯಾಗಿಯೇ ಇತ್ತು. ಸೆನ್ಸರ್ ಬಿಚ್ಚಿದರೆ ತಂತಿಯ ಮೇಲೆ ಕಂದು ಜಿಡ್ಡು, ಮಧ್ಯೆ ಒಂದು ನೂಲಿನ ಎಳೆ ಬೇರೆ ಅಂಟಿತ್ತು! ಎಣ್ಣೆ ಮಡಿಕೆ ಮಡಿಕೆಗೂ ಸುರಿದು ತಕ್ಷಣ ಹಾಕಿದ್ದೆ, ತಪ್ಪು ನನ್ನದೇ. ಸ್ಪ್ರೇ ಹೊಡೆದು ಕೋಡ್ ಅಳಿಸಿದೆ. ಫ್ಯುಯೆಲ್ ಟ್ರಿಮ್ (ಕೊರತೆ ತುಂಬಲು ಇಸಿಯು ಸೇರಿಸುವ ಪೆಟ್ರೋಲ್) ಶೇ. 22 ಇದ್ದದ್ದು ಈಗ 3ರ ಹತ್ತಿರ ಇದೆ, ಮುಳ್ಳು ಅಲ್ಲಾಡುತ್ತಿಲ್ಲ. ಕಾಟನ್ ಫಿಲ್ಟರನ್ನೇ ಇಟ್ಟುಕೊಳ್ಳಬಹುದಾ?

ಉತ್ತರ 1
ಇಟ್ಟುಕೊಳ್ಳಬಹುದು. ಮುಂದಿನ ಸಲ ಮಡಿಕೆಗೆ ಒಂದೇ ಸಣ್ಣ ಗೆರೆ ಎಣ್ಣೆ, ಅದು ಹೀರಿಕೊಳ್ಳುವವರೆಗೆ ಕಾದು, ಹೆಚ್ಚಾದದ್ದನ್ನು ಒರೆಸಿ ಹಾಕಿ. 1,000 ಕಿ.ಮೀ. ಆದ ಮೇಲೆ ಫಿಲ್ಟರ್ ದಾಟಿದ ಪೈಪಿನ ಒಳಗೆ ಬಿಳಿ ಬಟ್ಟೆ ಆಡಿಸಿ ನೋಡಿ. ಬಟ್ಟೆಗೆ ಮಣ್ಣು ಬಂದರೆ ಫಿಲ್ಟರ್ ಅಂಚು ಸರಿಯಾಗಿ ಕೂತಿಲ್ಲ ಅಥವಾ ಅದು ಧೂಳು ಬಿಡುತ್ತಿದೆ, ಆಗ ಪೇಪರಿಗೆ ವಾಪಸ್ ಬನ್ನಿ.