ಸಹಾಯ ಬೇಕು: ಅಲೆಯಲ್ಲಿ ಹೋಬಿ 16 ಹಾಯಿದೋಣಿ ತಿರುಗುತ್ತಿಲ್ಲ

ಎಲ್ಲರಿಗೂ ಶರಣು. ನಾನು ಬೀದರಿನವನು. ಗೆಳೆಯ ಗೋವಾದಿಂದ ತಂದ ಹಳೆಯ ಹೋಬಿ 16 ದೋಣಿಯನ್ನು (ಜೋಡಿ ಒಡಲಿನ ಹಾಯಿದೋಣಿ) ಇಬ್ಬರೂ ಕಾರಂಜಾ ಜಲಾಶಯದಲ್ಲಿ ಓಡಿಸುತ್ತಿದ್ದೇವೆ. ಪರವಾನಗಿ ಇದೆ, ಲೈಫ್ ಜಾಕೆಟ್ ಇದೆ, ಬೈಯಬೇಡಿ!

ಆಷಾಢದ ಗಾಳಿಗೆ ಇಲ್ಲಿ ಗಿಡ್ಡನೆಯ, ಒತ್ತೊತ್ತಾದ ಅಲೆಗಳು ಏಳುತ್ತವೆ. ಹೋದ ಭಾನುವಾರ ಒಂದು ಬದಿಯ ಮೂತಿ ಅಲೆಯೊಳಗೆ ನುಗ್ಗಿ ದೋಣಿ ಮುಂದಕ್ಕೇ ಪಲ್ಟಿ. ಹಿಂದೆ ಸರಿದು ಕೂತು, ಹಾಯಿಯ ಹಗ್ಗ ಸಡಿಲಿಸಿದರೆ ಅದು ತಪ್ಪುತ್ತದೆ, ಸರಿ. ಆದರೆ ಗಾಳಿಗೆ ಎದುರಾಗಿ ತಿರುಗಿಸುವಾಗ? ತಿರುಗಲು ನೆರವಾಗುವಂತೆ ತಳದಿಂದ ನೀರಿಗಿಳಿಸುವ ಹಲಗೆ ಇದಕ್ಕೆ ಇಲ್ಲ ಅಲ್ವಾ, ಅಲೆ ಹೊಡೆದು ವೇಗ ಸತ್ತು ನಡುವೆಯೇ ನಿಂತುಬಿಡುತ್ತದೆ. ಆಮೇಲೆ ಸುಮ್ನೆ ಹಿಂದಕ್ಕೆ ತೇಲುತ್ತೇವೆ. ಮುಂದಿನ ಚಿಕ್ಕ ಹಾಯಿಯನ್ನು ಹಳೆಯ ಬದಿಯಲ್ಲೇ ಎಷ್ಟು ಹೊತ್ತು ಹಿಡಿದಿರಬೇಕು? ದೊಡ್ಡ ಹಾಯಿ ಯಾವಾಗ ಸಡಿಲಿಸಬೇಕು? ಸಮುದ್ರದಲ್ಲಿ ಓಡಿಸಿದವರು ಯಾರಾದರೂ ಇದ್ದರೆ ಹೇಳಿ.